ಕುವೈತಿನ ಬಾಪ್ಪುವಿಗಾಗಿ ಇನ್ನೊಂದು

ಉಡುಪಿ ಕಡೆಯ ಶಂಕರಪುರದ ಸುತ್ತಮುತ್ತಲಿನ ಕೆಥೋಲಿಕ್ ಅಜ್ಜಿಯಂದಿರಿಗೆ ಹಿಂದೂ ಮದುವೆಗಳ ಮುಹೂರ್ತ ಗೊತ್ತಿರುವಷ್ಟು ಕೆಲವು ಪುರೋಹಿತರಿಗೂ ಗೊತ್ತಿರಲಿಕ್ಕಿಲ್ಲ. ಕಾರಣ ಮಲ್ಲಿಗೆ. ಅಂಗಳದಲ್ಲಿ ಬೆಳೆದ ಮೊಗ್ಗನ್ನು ಬೆಳಗ್ಗೆ ಬೇಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತೇರುವ ಮೊದಲು ಹೂವಿನ ವ್ಯಾಪಾರದ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಕಾಲದಲ್ಲಿ ಅಟ್ಟೆಗೆ ಸಾವಿರ ದಾಟುವ ದಿನವೂ ಉಂಟು. ಮದುವೆಗಳಿಲ್ಲದ ಆಟಿ ತಿಂಗಳಲ್ಲಿ ಕೇಳುವವರಿಲ್ಲದೆ ನೆಲಕಚ್ಚುವ ದಿನವೂ ಉಂಟು. ಹಾಗಾಗಿ ನಮ್ಮ ವ್ಹಡ್ಲಿಮಾಯ್, ಅಂದರೆ ಅಪ್ಪನ ತಾಯಿ, ಬೆಳಗಿನ ಜಪದಲ್ಲಿ ಮೇರಿ ಮಾತೆಯ ಹತ್ತಿರ ಊರಿನ ಶೆಟ್ಟರ, ಭಟ್ಟರ, ಪೂಜಾರಿಗಳ ಮಕ್ಕಳಿಗೆಲ್ಲ ಬೇಗ ಒಳ್ಳೆಯ ಸಂಬಂಧ ಕೂಡಿಬರಲಿ ಎಂದು ಬೇಡುತ್ತಿದ್ದಳು. ಪರಧರ್ಮದ ಬಗ್ಗೆ ಇಷ್ಟು ನಿಷ್ಕಳಂಕವಾದ ಹಾರೈಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವಳ ಬೆರಳು ಹೂ ಕಟ್ಟುತ್ತಿತ್ತು, ಬಾಯಿ ಜಪ ಹೇಳುತ್ತಿತ್ತು, ಕಣ್ಣು ಕೊಟ್ಟಿಗೆಯ ಕಡೆಗಿತ್ತು. ಎರಡು ಲೆಕ್ಕ ಒಟ್ಟಿಗೆ ಹೇಗೆ ನಡೆಯುತ್ತದೆ ಎಂದು ಕೇಳಿದರೆ, ‘ಹೂವಿನ ಲೆಕ್ಕ ತಪ್ಪಿದರೆ ಏಜೆಂಟ್ ಹಿಡಿಯುತ್ತಾನೆ. ಜಪದ ಲೆಕ್ಕ ತಪ್ಪಿದರೆ ಹಿಡಿಯುವವನಿಗೆ ಮನಸ್ಸು ದೊಡ್ಡದು’ ಎನ್ನುತ್ತಿದ್ದಳು.

ಬೆಳಗಿನದ್ದು ಅವಳ ಖಾಸಗಿ ವ್ಯವಹಾರ. ಇಡೀ ಮನೆ ಸೇರಿ ದೇವರನ್ನು ಮಾತಾಡಿಸುವುದು ಸಂಜೆಗೆ. ಅದಕ್ಕೆ ನಮ್ಮ ಕೊಂಕಣಿಯಲ್ಲಿ ತೆರ್ಸ್ ಎಂದು ಹೆಸರು. ಮೈಸೂರು, ಬೆಂಗಳೂರು ಕಡೆಯ ಕನ್ನಡ ಕೆಥೋಲಿಕರು ಜಪಸರ ಎನ್ನುತ್ತಾರೆ. ಇಗರ್ಜಿಯ ಮುಸ್ಸಂಜೆ ಗಂಟೆ ಕೇಳಿಸುವ ಮೊದಲು ಮಕ್ಕಳು ಅಂಗಳ ಸೇರಿರಬೇಕು, ಗಂಟೆ ನಿಲ್ಲುವ ಹೊತ್ತಿಗೆ ಕಾಲು ತೊಳೆದಿರಬೇಕು. ಕ್ರಿಕೆಟ್ಟಿನಲ್ಲಿ ಕೊನೆಯ ಓವರಿನ ಎರಡು ಚೆಂಡು ಬಾಕಿ ಇದ್ದರೂ ಬ್ಯಾಟು ಕೆಳಗೆ. ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ದೀಪ ಹಚ್ಚಿ ಮಕ್ಕಳನ್ನು ಭಜನೆಗೆ, ಮಗ್ಗಿಗೆ ಕೂರಿಸುತ್ತಿದ್ದರು. ಆದ್ದರಿಂದ ನಮ್ಮ ಪಂದ್ಯಗಳು ಸರ್ವಧರ್ಮ ಸಮ್ಮತಿಯಿಂದಲೇ ಡ್ರಾ ಆಗುತ್ತಿದ್ದವು.

ಚಾವಡಿಯ ಪೂರ್ವದ ಗೋಡೆಗೆ ಮರದ ಒಂದು ಹಲಗೆ. ಅದೇ ನಮ್ಮ ಆಲ್ತಾರ್. ನಡುವೆ ಯೇಸುವಿನ ತಿರುಹೃದಯದ ಪಟ, ಅದರ ಮುಂದೆ ಕೆಂಪು ಜೀರೋ ಬಲ್ಬು. ಎಡಕ್ಕೆ ಮೂಗಿನ ತುದಿ ಮುಕ್ಕಾದ ಸಂತ ಅಂತೋನಿ, ಬಲಕ್ಕೆ ಮೇರಿ ಮಾತೆ. ಇದು ಮುಂಭಾಗ. ಪಟದ ಹಿಂಭಾಗದಲ್ಲಿ ಇನ್ನೊಂದು ಲೋಕವಿತ್ತು. ಗರಿಗಳ ಭಾನುವಾರ ತಂದು ಒಣಗಿದ ಗರಿಯ ಶಿಲುಬೆ, ರೇಷನ್ ಕಾರ್ಡು, ಎಲ್‌ಐಸಿ ರಸೀದಿಗಳು, ಕರೆಂಟು ಬಿಲ್ಲು, ಹಸುವಿನ ಔಷಧದ ಚೀಟಿ, ನನ್ನ ದೊಡ್ಡಕ್ಕನ ಜಾತಕವಲ್ಲದ ಜಾತಕ, ಅಂದರೆ ಮದುವೆ ದಲ್ಲಾಳಿಗೆ ಕೊಡಲು ತೆಗೆಸಿದ ಫೋಟೋ. ಮನೆಯಲ್ಲಿ ಕಳೆಯಬಾರದ್ದೆಲ್ಲ ಅಲ್ಲಿಗೆ ಹೋಗುತ್ತಿತ್ತು, ಕಳೆದರೆ ಹುಡುಕಿಕೊಡಲು ಸಂತ ಅಂತೋನಿ ಎದುರಿಗೇ ಇದ್ದ. ಮೊಣಕಾಲೂರಿ ಆ ಹಲಗೆಯನ್ನೇ ನೋಡುತ್ತಿದ್ದ ನಮಗೆ ದೇವರ ಬೆನ್ನ ಹಿಂದೆ ನಮ್ಮ ಮನೆಯ ಅಷ್ಟೂ ಚಿಂತೆಗಳು ಮಡಚಿ ಕೂತಿವೆ ಎಂಬುದು ಸಹಜವಾಗಿಯೇ ತೋರುತ್ತಿತ್ತು.

ತೆರ್ಸಿನ ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೊದಲಿಗೆ ಮೂರು, ಆಮೇಲೆ ಹತ್ತರಂತೆ ಐದು ಸುತ್ತು, ಒಟ್ಟು 53 ನಮಾನ್ ಮರಿಯೆ, ಅಂದರೆ ಮೇರಿ ಮಾತೆಗೆ ಹೇಳುವ ಜಪ. ಪ್ರತಿ ಸುತ್ತಿಗೂ ಯೇಸುವಿನ ಇಲ್ಲವೇ ಮೇರಿ ಮಾತೆಯ ಬದುಕಿನ ಒಂದು ಪ್ರಸಂಗವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ರಹಸ್ಯ ಎನ್ನುತ್ತಾರೆ. ಈ ಜಪ ಹುಟ್ಟಿದ್ದು ಹೀಗೆ: ಹಿಂದಿನ ಕಾಲದ ಮಠಗಳಲ್ಲಿ ಓದು ಬಲ್ಲ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದು ಬಾರದವರು ಅದರ ಬದಲಿಗೆ ಮಣಿ ಎಣಿಸುತ್ತ ಬಾಯಿಗೆ ಬರುವ ಜಪವನ್ನೇ 150 ಸಲ ಹೇಳತೊಡಗಿದರು. ಪೋಪ್ ಐದನೆಯ ಪಿಯುಸ್ 1569ರಲ್ಲಿ ಇದಕ್ಕೊಂದು ಕಟ್ಟುಪಾಡು ಮಾಡಿಕೊಟ್ಟರು. ಅಂದರೆ ಇದು ಮೂಲದಲ್ಲಿ ಪಂಡಿತರದ್ದಲ್ಲ, ಓದು ಬಾರದ, ಕೈ ಖಾಲಿ ಇಲ್ಲದವರ ಪ್ರಾರ್ಥನೆ. ಹೂ ಕಟ್ಟುವ ನಮ್ಮಜ್ಜಿಗೆ ಹೇಳಿ ಮಾಡಿಸಿದ್ದು.

ಸೋಮವಾರ ಸಂತೋಷದ ರಹಸ್ಯ, ಮಂಗಳವಾರ ದುಃಖದ್ದು, ಬುಧವಾರ ಮಹಿಮೆಯದ್ದು, ಹೀಗೆ ದಿನಕ್ಕೊಂದು ಪಾಳಿ ಇತ್ತು. ನಮಗೆ ವಾರ ತಿಳಿಯುತ್ತಿದ್ದುದೇ ಹಾಗೆ. ಲೆಕ್ಕದ ಪರೀಕ್ಷೆ ಶುಕ್ರವಾರ ಬಿದ್ದರೆ ಅಣ್ಣ, ‘ಹೇಗೂ ದುಃಖದ ದಿನವೇ’ ಎಂದು ಓದು ಬಿಟ್ಟು ಮಲಗುತ್ತಿದ್ದ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ರಹಸ್ಯಗಳೆಂದು ಹೊಸತಾಗಿ ಐದನ್ನು ಸೇರಿಸಿ ಗುರುವಾರಕ್ಕೆ ಕೊಟ್ಟಾಗ ವ್ಹಡ್ಲಿಮಾಯ್‌ಗೆ ಎಂಬತ್ತು ದಾಟಿತ್ತು. ಪಾದ್ರಿಗಳು ಪೂಜೆಯಲ್ಲಿ ಬಿಡಿಸಿ ಹೇಳಿದರು, ಚೀಟಿ ಅಚ್ಚು ಹಾಕಿಸಿ ಹಂಚಿದರು. ಅಜ್ಜಿ ಚೀಟಿಯನ್ನು ಭಕ್ತಿಯಿಂದ ಹಣೆಗೊತ್ತಿಕೊಂಡು ಪಟದ ಹಿಂದೆ ಸೇರಿಸಿದಳು. ಗುರುವಾರ ಮಾತ್ರ ಹಳೆಯ ಸಂತೋಷದ ರಹಸ್ಯವನ್ನೇ ಹೇಳಿದಳು. ಪೋಪರ ಮಾತು ಮೀರಬಹುದೇ ಎಂದು ನನ್ನ ತಂಗಿ ಕೆಣಕಿದ್ದಕ್ಕೆ, ‘ಅವರು ಬೆಳಕಿನದ್ದು ಕೊಟ್ಟದ್ದು ಒಳ್ಳೆಯದೇ. ಆದರೆ ನಮ್ಮಲ್ಲಿ ಗುರುವಾರ ಕರೆಂಟು ಇರುವುದಿಲ್ಲವಲ್ಲ’ ಎಂದಳು. ನಮ್ಮ ಫೀಡರಿಗೆ ಆಗ ಗುರುವಾರ ಸಂಜೆಯ ಲೋಡ್ ಶೆಡ್ಡಿಂಗ್ ಇತ್ತೆಂಬುದು ನಿಜ.

ನಮ್ಮ ಮನೆಯ ಅತಿ ದೊಡ್ಡ ಸಂಭಾಷಣೆಗಳೆಲ್ಲ ನಡೆದದ್ದು ಈ 53 ಮಣಿಗಳ ಮೇಲೆ. ನಮಾನ್ ಮರಿಯೆಯಲ್ಲಿ ಎರಡು ಪಾಲು: ಒಬ್ಬರು ಮೊದಲರ್ಧ ಹೇಳಬೇಕು, ಉಳಿದವರು ಎರಡನೆಯ ಅರ್ಧದಿಂದ ಉತ್ತರ ಕೊಡಬೇಕು. ಬಾವಿಕಟ್ಟೆಯ ಬದಿಯ ಎರಡು ತೆಂಗಿನಮರ ಯಾರ ಪಾಲಿಗೆ ಎಂಬ ಜಗಳದಲ್ಲಿ ನನ್ನ ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟಿದ್ದರು. ಊಟಕ್ಕೆ ಬೇರೆ ಬೇರೆ ಹೊತ್ತು, ಪೇಟೆಗೆ ಬೇರೆ ಬೇರೆ ಬಸ್ಸು. ಆದರೆ ಸಂಜೆ ತೆರ್ಸಿಗೆ ಇಬ್ಬರೂ ಒಂದೇ ಹಲಗೆಯ ಎದುರು. ದೊಡ್ಡಪ್ಪ ಶುರು ಮಾಡುತ್ತಿದ್ದರು, ಅಪ್ಪ ಮುಗಿಸುತ್ತಿದ್ದರು. ಊರಿಗೆಲ್ಲ ಮಾತು ಬಿಟ್ಟವರೆಂದು ಹೆಸರಾದ ಅಣ್ಣತಮ್ಮಂದಿರು ದಿನಕ್ಕೆ ಐವತ್ತಮೂರು ಸಲ, ಅದೂ ಒಬ್ಬರ ಉಸಿರಿಗೆ ಇನ್ನೊಬ್ಬರು ಕಾದು, ಮಾತಾಡಿಕೊಳ್ಳುತ್ತಿದ್ದರು. ಮೊದಲರ್ಧದಲ್ಲಿ ಇರುವುದು ದೇವದೂತನ ಹೊಗಳಿಕೆ. ಎರಡನೆಯ ಅರ್ಧದಲ್ಲಿ ನಾವು ಪಾಪಿಗಳೆಂಬ ಒಪ್ಪಿಗೆ. ಕೆಲವು ತಿಂಗಳ ಮೇಲೆ ಅಪ್ಪ ಅಜ್ಜಿಯ ಹತ್ತಿರ ದೂರು ಕೊಟ್ಟರು: ‘ದಿನಾಲೂ ಹೊಗಳಿಕೆ ಅವನಿಗೆ, ಪಾಪ ನನಗೆ. ಇದೆಂಥ ಪಾಲು?’ ಅಂದಿನಿಂದ ದಿನ ಬಿಟ್ಟು ದಿನ ಸರದಿ. ತೆಂಗಿನಮರದ ತೀರ್ಮಾನವೂ ಆಮೇಲೆ ಹಾಗೆಯೇ ಆಯಿತು. ಒಂದು ಕೊಯ್ಲು ಇವರಿಗೆ, ಒಂದು ಅವರಿಗೆ.

ಇಂಥ ಮನೆಯಲ್ಲಿ ಬೆಳೆದದ್ದರಿಂದ ಇರಬೇಕು, ಪ್ರಾರ್ಥನೆಗೆ ಮನಸ್ಸು ಹದವಾಗಬೇಕು, ಭಾವ ಉಕ್ಕಬೇಕು ಎನ್ನುವವರನ್ನು ಕಂಡರೆ ನನಗೆ ಗುಮಾನಿ. ಮನಸ್ಸು ಹದವಾಗಲಿ ಎಂದು ಕಾದಿದ್ದರೆ ಅಪ್ಪ, ದೊಡ್ಡಪ್ಪ ಇನ್ನೂ ಕಾಯುತ್ತ ಕೂತಿರುತ್ತಿದ್ದರು. ಹದವಿಲ್ಲದ ದಿನ ಗಂಟೆ ಬಾರಿಸಿತೆಂಬ ಒಂದೇ ಕಾರಣಕ್ಕೆ ಮೊಣಕಾಲೂರುತ್ತಾರಲ್ಲ, ದಿನನಿತ್ಯದ ಪ್ರಾರ್ಥನೆಯ ಜೀವ ಇರುವುದು ಅಲ್ಲಿ.

ಐದು ಸುತ್ತು ಮುಗಿದರೆ ತೆರ್ಸ್ ಮುಗಿಯಿತು ಎಂದು ತಿಳಿಯುವವರು ಹೊಸ ಸೊಸೆಯಂದಿರು ಮಾತ್ರ. ಅಲ್ಲಿಂದ ಮುಂದೆ ಅಜ್ಜಿಯ ಪಟ್ಟಿ ಶುರು. ತೀರಿಹೋದವರಿಗಾಗಿ ಯೇಸು ಕಲಿಸಿದ ಪರಲೋಕ ಪ್ರಾರ್ಥನೆ ಒಂದು, ಪ್ರಯಾಣದಲ್ಲಿ ಇರುವವರಿಗಾಗಿ ಒಂದು, ಪಾದ್ರಿಗಳ ಮಂಡಿನೋವಿಗಾಗಿ ಒಂದು, ಗಬ್ಬದ ಹಸುವಿಗಾಗಿ ಒಂದು, ಮಳೆ ಬರಲೆಂದು ಒಂದು, ಜೂನ್ ಕಳೆದ ಮೇಲೆ ನಿಲ್ಲಲೆಂದು ಇನ್ನೊಂದು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ನಮ್ಮ ಬಾಪ್ಪು, ಅಪ್ಪನ ತಮ್ಮ, ಅಲ್ಲಿ ಒಂದು ಅಂಗಡಿಯ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಫೋನಿಲ್ಲ, ಕಾಗದವಿಲ್ಲ. ಮನೆಯಲ್ಲಿದ್ದ ಫಿಲಿಪ್ಸ್ ರೇಡಿಯೋ ಸದ್ದಾಂ ಹುಸೇನನ ಹೆಸರು ಬಿಟ್ಟರೆ ನಮಗೆ ಬೇಕಾದ ಹೆಸರನ್ನು ಹೇಳುತ್ತಲೇ ಇರಲಿಲ್ಲ. ಆ ಸಂಜೆ ವ್ಹಡ್ಲಿಮಾಯ್ ಪಟ್ಟಿಯ ಕೊನೆಗೆ, ‘ಕುವೈತಿನ ಬಾಪ್ಪುವಿಗಾಗಿ ಇನ್ನೊಂದು’ ಎಂದಳು.

ಬಾಪ್ಪು ಬಂದರು. ಬಾಗ್ದಾದಿನ ಮೇಲಿಂದ ಬಸ್ಸಿನಲ್ಲಿ ಜೋರ್ಡಾನ್ ಗಡಿಗೆ, ಅಲ್ಲಿ ಡೇರೆಯಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ. ಹಾಗೆ ಎರಡು ತಿಂಗಳಲ್ಲಿ ಸುಮಾರು 1,70,000 ಭಾರತೀಯರನ್ನು ಕರೆತಂದರಂತೆ. ಒಂದು ಕೈಚೀಲ, ಒಂದು ಟೈಮ್‌ಪೀಸ್ ಹಿಡಿದುಕೊಂಡು ಬಾಪ್ಪು ಅಂಗಳಕ್ಕೆ ಕಾಲಿಟ್ಟದ್ದು ಸರಿಯಾಗಿ ತೆರ್ಸಿನ ಹೊತ್ತಿಗೆ. ಅಪ್ಪಿಕೊಳ್ಳಲು ಎದ್ದವರನ್ನೆಲ್ಲ ಅಜ್ಜಿ ಕಣ್ಣಲ್ಲೇ ಕೂರಿಸಿದಳು. ನಾಲ್ಕನೆಯ ಸುತ್ತು ನಡೆಯುತ್ತಿತ್ತು. ಬಾಪ್ಪು ಚೀಲ ಕೆಳಗಿಟ್ಟು ಮೊಣಕಾಲೂರಿದರು. ಪಟ್ಟಿ ಬಂತು. ಹಸು, ಪಾದ್ರಿ, ಮಳೆ. ಕೊನೆಗೆ, ‘ಕುವೈತಿನ ಬಾಪ್ಪುವಿಗಾಗಿ ಇನ್ನೊಂದು.’ ಬಾಪ್ಪು ತನಗಾಗಿ ತಾನೇ ಗಟ್ಟಿಯಾಗಿ ಉತ್ತರ ಕೊಟ್ಟರು.

ಆಮೇಲೆ ಅದನ್ನು ನಿಲ್ಲಿಸಬಹುದಿತ್ತು. ಯಾರಿಗೂ ಧೈರ್ಯ ಬರಲಿಲ್ಲ. ಬಾಪ್ಪು ಮದುವೆಯಾದರು, ಉಡುಪಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟರು, ಅಂಗಡಿ ಮಾರಿದರು, ಮೊಮ್ಮಕ್ಕಳಾದವು. ದಿನಾ ಸಂಜೆ ಕುವೈತಿನ ಸಂಕಟದಿಂದ ಅವರನ್ನು ಪಾರು ಮಾಡುವಂತೆ ನಾವು ಬೇಡುತ್ತಲೇ ಇದ್ದೆವು. ನಮ್ಮ ಮನೆಯ ಪ್ರಾರ್ಥನೆಗೆ ಒಳಗೆ ಬರುವ ಬಾಗಿಲಿದೆ, ಹೊರಗೆ ಹೋಗುವ ಬಾಗಿಲಿಲ್ಲ. ತೀರಾ ಸತ್ತರೂ ಬಿಡುವುದಿಲ್ಲ. ಪ್ರಯಾಣದಲ್ಲಿ ಇರುವವರ ಪಟ್ಟಿಯಿಂದ ತೀರಿಹೋದವರ ಪಟ್ಟಿಗೆ ಬಡ್ತಿ ಸಿಗುತ್ತದೆ, ಅಷ್ಟೆ.

ಇಷ್ಟು ಉದ್ದದ ಪಟ್ಟಿಗೆ ನಿದ್ದೆ ಬಾರದಿರುತ್ತದೆಯೇ? ಮೂರನೆಯ ಸುತ್ತಿಗೆ ಮಕ್ಕಳು ತೂಗತೊಡಗುತ್ತಿದ್ದರು. ಕುಸುಬಲಕ್ಕಿ ಗಂಜಿಯ ವಾಸನೆ ಒಳಗಿನಿಂದ ಬರುತ್ತಿತ್ತು. ಅಜ್ಜಿ ಜಪದ ರಾಗ ಬದಲಿಸದೆ, ಎರಡು ಮಣಿಗಳ ನಡುವೆ, ‘ಒಲೆಯಿಂದ ಕೊಳ್ಳಿ ಹಿಂದಕ್ಕೆಳೆ’ ಎಂದೋ ‘ಚಿಕ್ಕವನ ಮೂಗು ಒರೆಸು’ ಎಂದೋ ಹೇಳುತ್ತಿದ್ದಳು. ಅದಕ್ಕೂ ಕೆಲವರು ಆಮೆನ್ ಎಂದದ್ದುಂಟು. ಒಮ್ಮೆ ರಜೆಗೆ ಬಂದ ನಮ್ಮ ಸಿಸ್ಟರ್ ಅತ್ತೆ, ಅಪ್ಪನ ತಂಗಿ, ತೂಕಡಿಸಿದ್ದಕ್ಕೆ ಪೆಟ್ಟು ತಿನ್ನುತ್ತಿದ್ದ ನನ್ನನ್ನು ಬಿಡಿಸಿ ಸಂತರ ಕಥೆ ಹೇಳಿದಳು. ಲಿಸ್ಯೂ ಪಟ್ಟಣದ ತೆರೇಸಾ, 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡವಳು, ಪ್ರಾರ್ಥನೆಯ ಹೊತ್ತಿನಲ್ಲಿ ವರ್ಷಗಟ್ಟಲೆ ನಿದ್ದೆ ಮಾಡಿದವಳಂತೆ. ಅದಕ್ಕೆ ಅವಳೇನೂ ಕೊರಗಲಿಲ್ಲ. ಮಲಗಿದ ಮಗುವೂ ತಂದೆತಾಯಿಗೆ ಎಚ್ಚರದ ಮಗುವಿನಷ್ಟೇ ಮುದ್ದು ಎಂದು ಬರೆದಿಟ್ಟಳಂತೆ. ಜಪಮಾಲೆ ಹೇಳುವುದಂತೂ ಅವಳಿಗೆ ಮೈಗೆ ಚುಚ್ಚುವ ತಪಸ್ಸಿನ ಸಾಧನಕ್ಕಿಂತ ಕಷ್ಟವಾಗಿತ್ತಂತೆ. ಅವಳಿಗೂ ಮುನ್ನೂರು ವರ್ಷ ಹಿಂದಿನ ಆವಿಲಾದ ತೆರೇಸಾ, ಪ್ರಾರ್ಥನೆಯ ಬಗ್ಗೆ ದೊಡ್ಡ ದೊಡ್ಡ ಗ್ರಂಥ ಬರೆದವಳು, ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾಳೆ: ಕೆಲವು ವರ್ಷ ತನ್ನ ಗಮನವೆಲ್ಲ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೆ ಎಂಬುದರ ಮೇಲೇ ಇತ್ತೆಂದು. ಇಬ್ಬರೂ ಸಂತರಷ್ಟೇ ಅಲ್ಲ, ಧರ್ಮಸಭೆಯ ಪಂಡಿತರೆಂಬ ಪದವಿಯನ್ನೂ ಪಡೆದವರು.

ಈ ಮಾಹಿತಿಯನ್ನು ನಾವು ಮಕ್ಕಳು ದುರುಪಯೋಗ ಮಾಡಿಕೊಂಡೆವೆಂದು ಬೇರೆ ಹೇಳಬೇಕಾಗಿಲ್ಲ. ಅತ್ತೆ ಕಾನ್ವೆಂಟಿಗೆ ಮರಳಿದ ದಿನವೇ ಅಣ್ಣ ಎರಡನೆಯ ಸುತ್ತಿಗೇ ಗೋಡೆಗೊರಗಿದ. ಎಬ್ಬಿಸಿದರೆ, ‘ಸಂತನಾಗುತ್ತಿದ್ದೆ’ ಎಂದ. ಅಜ್ಜಿ ಅವನ ಕಿವಿ ಹಿಡಿದು, ‘ಮೊದಲು ಅವಳಷ್ಟು ಒಳ್ಳೆಯವನಾಗು, ಆಮೇಲೆ ಅವಳಷ್ಟು ಮಲಗು’ ಎಂದಳು.

ಮಾತು ಹೆಚ್ಚಾಯಿತು ಎಂಬ ಆಕ್ಷೇಪವೂ ಮನೆಗೆ ಬಂದಿತ್ತು. ನನ್ನ ಸಹಪಾಠಿಯೊಬ್ಬ ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟ್. ಅವರಲ್ಲಿ ಮಣಿಯಿಲ್ಲ, ಮೂರ್ತಿಯಿಲ್ಲ. ಬೆಳಗ್ಗೆ ಕಾಫಿಗೆ ಮೊದಲು ಮನೆಮಂದಿ ಸುತ್ತ ಕೂತು ಕನ್ನಡ ಬೈಬಲಿನ ಒಂದು ಅಧ್ಯಾಯ, ಒಂದು ಸ್ತುತಿಗೀತೆ, ಸ್ವಂತ ಮಾತಿನಲ್ಲಿ ಒಂದು ಪ್ರಾರ್ಥನೆ. ಅವನ ತಂದೆ ಅಧ್ಯಾಯಗಳನ್ನು ಸರಣಿ ತಪ್ಪದೆ ಓದುವವರಾದ್ದರಿಂದ ವಂಶಾವಳಿಯ ಭಾಗ ಬಂದಾಗ ಇಡೀ ವಾರ ಯಾರು ಯಾರನ್ನು ಹೆತ್ತರು ಎಂದೇ ಕೇಳುತ್ತ ಕಾಫಿ ಆರಿಹೋಗುತ್ತಿತ್ತಂತೆ. ಅವನು ನಮ್ಮಲ್ಲಿ ಒಂದು ಸಂಜೆ ಉಳಿದು, ಪಟ್ಟಿಯೂ ಸೇರಿ ಎಲ್ಲವನ್ನೂ ಕೇಳಿ, ‘ಪ್ರಾರ್ಥಿಸುವಾಗ ಮಾತು ಬೆಳೆಸಬೇಡಿ ಎಂದು ಯೇಸುವೇ ಹೇಳಿದ್ದಾರಲ್ಲ ಅಜ್ಜಿ’ ಎಂದ. ವ್ಹಡ್ಲಿಮಾಯ್ ಅವನ ತಟ್ಟೆಗೆ ಇನ್ನೊಂದು ಸೌಟು ಮೀನುಸಾರು ಬಡಿಸಿ, ‘ಹೇಳಿದ್ದಾರೆ ಮಗಾ. ಅವರಿಗೆ ಮೊಮ್ಮಕ್ಕಳಿರಲಿಲ್ಲ’ ಎಂದಳು. ವಾದ ಅಲ್ಲಿಗೆ ಮುಗಿಯಿತು. ಅವನು ಅದನ್ನು ಈಗಲೂ ತನ್ನ ಸಭೆಯ ಜನರಿಗೆ ಹೇಳಿ ನಗುತ್ತಾನೆ. ಆದಿಕಾಲದ ಕ್ರೈಸ್ತರು ದಿನಕ್ಕೆ ಮೂರು ಸಲ ಪರಲೋಕ ಪ್ರಾರ್ಥನೆ ಹೇಳಬೇಕೆಂದು ದಿದಾಖೆ ಎಂಬ ಹಳೆಯ ಕೈಪಿಡಿಯಲ್ಲಿ ಇದೆ. ಮೂರಕ್ಕೆ ನಿಲ್ಲಿಸಿದವರು ಪುಣ್ಯವಂತರು.

ತೆರ್ಸಿನ ಕೊನೆಗೆ ಬೆಸಾಂವ್. ಚಿಕ್ಕವರು ದೊಡ್ಡವರ ಎದುರು ಒಬ್ಬೊಬ್ಬರಾಗಿ ಕೈಮುಗಿದು ಆಶೀರ್ವಾದ ಕೇಳಬೇಕು, ಅವರು ‘ದೇವ್ ಬರೆಂ ಕರುಂ’ ಎನ್ನಬೇಕು. ಮಧ್ಯಾಹ್ನ ಬೆನ್ನಿಗೆ ಬಾರಿಸಿದ ಅಕ್ಕನಿಗೂ ಕೈಮುಗಿಯಬೇಕು. ಬಾರಿಸಿದವಳು ದೇವರು ಒಳ್ಳೆಯದು ಮಾಡಲಿ ಎನ್ನಲೇಬೇಕು. ಹಲ್ಲು ಕಚ್ಚಿಕೊಂಡು ಕೊಟ್ಟ ಆಶೀರ್ವಾದಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅವು ಫಲಿಸದೇನೂ ಹೋಗಿಲ್ಲ. ಆ ಅಕ್ಕನೇ ನನಗೆ ಬೆಂಗಳೂರಲ್ಲಿ ಮೊದಲ ಕೆಲಸ ಕೊಡಿಸಿದ್ದು.

ಬೆಂಗಳೂರಲ್ಲಿ ಮುಸ್ಸಂಜೆಯ ಗಂಟೆ ಇದ್ದರೂ ಕೇಳಿಸುವುದಿಲ್ಲ. ಏಳು ಗಂಟೆಗೆ ನಾನು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಇರುತ್ತೇನೆ. ಅಮ್ಮ ಕಳಿಸಿಕೊಟ್ಟ, ಹತ್ತು ಉಬ್ಬುಗಳಿರುವ ಬೆರಳುಂಗುರದ ಜಪಮಣಿ ಕಾರಿನ ಗೇರಿನ ಹತ್ತಿರ ಇದೆ. ಹೊಸೂರು ರಸ್ತೆಯಲ್ಲಿ ಎರಡು ಸುತ್ತು ಸಲೀಸು. ಮಳೆ ಬಂದರೆ ಪಟ್ಟಿಯೂ ಸೇರಿ ಇಡೀ ತೆರ್ಸ್ ಆಗುತ್ತದೆ. ಆದರೆ ಮೊದಲರ್ಧವೂ ನಾನೇ, ಎರಡನೆಯ ಅರ್ಧವೂ ನಾನೇ. ಹೊಗಳಿಕೆಗೂ ಪಾಪಕ್ಕೂ ಎದುರಿನಿಂದ ಉತ್ತರವಿಲ್ಲ, ಹಿಂದಿನ ಟೆಂಪೋದ ಹಾರನ್ ಬಿಟ್ಟರೆ.

ಹಾಗಾಗಿ 2020ರಲ್ಲಿ ಕೊರೋನಾಕ್ಕೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡಾಗ, ಇಗರ್ಜಿಗಳೂ ಮುಚ್ಚಿದಾಗ, ತಂಗಿ ವಿಡಿಯೋ ಕಾಲಿನಲ್ಲಿ ತೆರ್ಸ್ ಶುರು ಮಾಡಿದ್ದು ನಮಗೆಲ್ಲ ಹಿಡಿಸಿತು. ಅದು ಇಂದಿಗೂ ನಡೆದಿದೆ. ಇಲ್ಲಿ ರಾತ್ರಿ ಎಂಟಾದರೆ ಟೊರೊಂಟೊದ ಅಕ್ಕನಿಗೆ ಬೆಳಗಿನ ತಿಂಡಿ ಮುಗಿದ ಹೊತ್ತು. ಸಿಡ್ನಿಯಲ್ಲಿ ಇರುವ ಅಣ್ಣ ಅತ್ತಿಗೆಗೆ ನಡುರಾತ್ರಿ ಕಳೆದಿರುತ್ತದೆ. ವ್ಹಡ್ಲಿಮಾಯ್ ಈಗ ಬಡ್ತಿ ಪಡೆದವರ ಪಟ್ಟಿಯಲ್ಲಿ ಇದ್ದಾಳೆ. ಅಮ್ಮ ನಡೆಸುತ್ತಾಳೆ, ಉಳಿದವರು ಉತ್ತರ ಕೊಡುತ್ತೇವೆ, ಆ ಉತ್ತರ ಒಟ್ಟಿಗೆ ಬರುವುದಿಲ್ಲ. ಟೊರೊಂಟೊದ ಆಮೆನ್ ತಲುಪುವಾಗ ಅಮ್ಮ ಮುಂದಿನ ಮಣಿಯ ಮಧ್ಯದಲ್ಲಿ ಇರುತ್ತಾಳೆ. ಮ್ಯೂಟ್ ಮಾಡಿ ಎಂದರೆ ಅಮ್ಮನಿಗೆ ಸಿಟ್ಟು: ‘ಬಾಯಿ ಮುಚ್ಚಿ ಜಪ ಮಾಡುವುದಾದರೆ ಒಟ್ಟಿಗೆ ಯಾಕೆ?’ ಯಾರದೋ ಮಿಕ್ಸಿ, ಯಾರದೋ ನಾಯಿ, ಎಲ್ಲವೂ ಆಕಾಶಕ್ಕೆ ಹೋಗುತ್ತದೆ.

ಕಳೆದ ಅಕ್ಟೋಬರಿನಲ್ಲಿ, ಅದು ಜಪಸರದ ತಿಂಗಳು, ಯಾರೂ ತಪ್ಪಿಸುವಂತಿಲ್ಲ, ಅಕ್ಕನ ಮಗಳು ಟೊರೊಂಟೊದಿಂದ ನಡುವೆ ಬಾಯಿ ಹಾಕಿ ಕೇಳಿದಳು: ‘ಈ ಕುವೈತಿನಲ್ಲಿ ಇರುವವರು ಯಾರು? ಅವರಿಗೆ ಇನ್ನೂ ವೀಸಾ ಸಿಗಲಿಲ್ಲವಾ?’ ಬಾಪ್ಪು ತನ್ನ ಚೌಕದಿಂದ, ‘ನಾನೇ ಪುತಾ. ಬಂದು ತುಂಬ ವರ್ಷವಾಯಿತು. ಆದರೆ ನಿಲ್ಲಿಸಬೇಡಿ, ಈಗ ಮಂಡಿ ಆಪರೇಷನ್ ಉಂಟು, ಅದಕ್ಕೂ ಇದೇ ಲೆಕ್ಕದಲ್ಲಿ ಸೇರಲಿ’ ಎಂದರು. ಅಷ್ಟರಲ್ಲಿ ಸಿಡ್ನಿಯ ಚೌಕದಿಂದ ಗರಗಸದ ಸದ್ದು. ಅತ್ತಿಗೆ ಕುರ್ಚಿಯಲ್ಲೇ ಕತ್ತು ವಾಲಿಸಿ ಗೊರಕೆ ಹೊಡೆಯುತ್ತಿದ್ದಳು, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು, ಕೊರಳಲ್ಲಿ ಬ್ಯಾಜು ಹಾಗೆಯೇ ಇತ್ತು. ತಂಗಿ ಮ್ಯೂಟ್ ಒತ್ತಲು ಹೊರಟಳು. ‘ಬೇಡ, ಮಲಗಲಿ. ಅವಳ ಪಾಲಿನದ್ದು ನಾನು ಹೇಳುತ್ತೇನೆ, ನೀವು ಮುಂದೆ ಹೋಗಿ’ ಎಂದಳು ಅಮ್ಮ.

‘ಹಾಗಾದರೆ ಅತ್ತಿಗೇ, ನನ್ನದನ್ನೂ ಹೇಳಿಬಿಡಿ,’ ಎಂದರು ಬಾಪ್ಪು, ‘ಇಲ್ಲಿ ಗಂಜಿ ಆರುತ್ತಾ ಉಂಟು.’